ಒಂದೇ ಹೆಸರು, ಬೇರೆ ಬೇರೆ ಉತ್ತರ: ಎಸ್‌ಕ್ಯೂಎಲ್‌ನ ಬಿಲ್ಟ್-ಇನ್ ಫಂಕ್ಷನ್‌ಗಳನ್ನು ಕುರಿತು

ಸಾಲದ ಮುಂದಿನ ಕಂತು ಯಾವತ್ತು ಬೀಳುತ್ತದೆ ಎಂದು ಲೆಕ್ಕ ಹಾಕಬೇಕಾಗಿದೆ ಎಂದಿಟ್ಟುಕೊಳ್ಳಿ. ಈ ಸಲದ ಕಂತಿನ ದಿನ 2023ರ ಫೆಬ್ರವರಿ 28. ಅದಕ್ಕೆ ಒಂದು ತಿಂಗಳು ಕೂಡಿಸು ಎಂದು ಒರಾಕಲ್ ಡೇಟಾಬೇಸ್‌ನ ಆ್ಯಡ್‌ಮಂತ್ಸ್ ಫಂಕ್ಷನ್‌ಗೆ ಹೇಳಿದರೆ ಉತ್ತರ ಮಾರ್ಚ್ 31. ಅದೇ ಲೆಕ್ಕವನ್ನು ಮೈಎಸ್‌ಕ್ಯೂಎಲ್‌ಗೋ ಎಸ್‌ಕ್ಯೂಎಲ್ ಸರ್ವರ್‌ಗೋ ಪೋಸ್ಟ್‌ಗ್ರೆಸ್‌ಗೋ ಕೊಟ್ಟರೆ ಮಾರ್ಚ್ 28. ಮೂರು ದಿನದ ವ್ಯತ್ಯಾಸ, ಅಂದರೆ ಮೂರು ದಿನದ ಬಡ್ಡಿ. ಎಲ್ಲಿಯೂ ದೋಷದ ಸಂದೇಶ ಬರುವುದಿಲ್ಲ, ಯಾವ ಕ್ವೆರಿಯೂ ನಿಲ್ಲುವುದಿಲ್ಲ. ತಿಂಗಳ ಕೊನೆಯ ದಿನಕ್ಕೆ ತಿಂಗಳು ಕೂಡಿಸಿದರೆ ಮುಂದಿನ ತಿಂಗಳ ಕೊನೆಯ ದಿನವೇ ಬರಬೇಕು ಎಂದು ಒರಾಕಲ್ ರೂಪಿಸಿದವರು ತೀರ್ಮಾನಿಸಿದರು. ಉಳಿದವರು 28 ಎಂಬ ಅಂಕಿಯನ್ನೇ ಹಿಡಿದುಕೊಂಡರು. ಎರಡಕ್ಕೂ ಸಮರ್ಥನೆ ಇದೆ. ಆದರೆ ಸಾಲ ಪಡೆದವರ ಕರಾರುಪತ್ರದಲ್ಲಿ ಇರುವುದು ಈ ಎರಡರಲ್ಲಿ ಒಂದೇ.

ಡೇಟಾಬೇಸ್ ಭಾಷೆಯ ಬಿಲ್ಟ್-ಇನ್ ಫಂಕ್ಷನ್ ಎಂದರೆ ನಾವು ಬರೆಯದೆಯೇ ಸಿಗುವ, ತಯಾರಾಗಿಯೇ ಇರುವ ಲೆಕ್ಕಾಚಾರ. ಮೊತ್ತ, ಸರಾಸರಿ, ಇವತ್ತಿನ ದಿನಾಂಕ, ಪಠ್ಯದ ಉದ್ದ, ದೊಡ್ಡಕ್ಷರ, ದಶಮಾಂಶ ಕತ್ತರಿಸುವುದು ಹೀಗೆ ನೂರಾರು ಇವೆ. ಎಸ್‌ಕ್ಯೂಎಲ್ ಕಲಿಸುವ ಪುಸ್ತಕಗಳು ಇವನ್ನು ಒಂದು ಪಟ್ಟಿಯಾಗಿ ಕೊಟ್ಟು ಮುಂದಿನ ಅಧ್ಯಾಯಕ್ಕೆ ಹೋಗುತ್ತವೆ. ಅಲ್ಲೇ ತಪ್ಪು ಶುರುವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಪ್ರತಿಯೊಂದು ಫಂಕ್ಷನ್‌ನ ಒಳಗೂ ಯಾರೋ, ಎಲ್ಲೋ, ಯಾವುದೋ ಕೆಲಸಕ್ಕಾಗಿ ಮಾಡಿಟ್ಟ ತೀರ್ಮಾನ ಕೂತಿರುತ್ತದೆ. ಖಾಲಿ ಜಾಗವನ್ನು ಏನೆಂದು ತಿಳಿಯಬೇಕು, ತಿಂಗಳು ಎಂದರೆ ಎಷ್ಟು ದಿನ, ಅಕ್ಷರ ಎಂದರೆ ಯಾವುದು ಎಂಬುದನ್ನೆಲ್ಲ ನಮಗಿಂತ ಮೊದಲೇ ಅವರು ನಿರ್ಧರಿಸಿದ್ದಾರೆ. ಆ ನಿರ್ಧಾರ ನಮ್ಮ ಕೆಲಸಕ್ಕೆ ಹೊಂದುತ್ತದೆಯೇ ಎಂದು ನೋಡಿಕೊಳ್ಳುವುದು ಕ್ವೆರಿ ಬರೆಯುವವರ ಹೊಣೆ. ಕನ್ನಡದ ಹೆಸರು, ಕನ್ನಡದ ವಿಳಾಸ ಇಟ್ಟುಕೊಂಡು ಕೆಲಸ ಮಾಡುವವರಿಗಂತೂ ಈ ಹೊಣೆ ಇಮ್ಮಡಿ.

ಇಷ್ಟೊಂದು ಭಿನ್ನತೆ ಬಂದದ್ದಕ್ಕೆ ಇತಿಹಾಸದಲ್ಲಿ ಕಾರಣವಿದೆ. ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಎಸ್‌ಕ್ಯೂಎಲ್‌ನ ಮೂಲರೂಪವಾದ ಸೀಕ್ವೆಲ್ ಭಾಷೆಯನ್ನು ಪ್ರಬಂಧವೊಂದರಲ್ಲಿ ಮುಂದಿಟ್ಟಾಗಲೇ ಅದರಲ್ಲಿ ಬಿಲ್ಟ್-ಇನ್ ಫಂಕ್ಷನ್ ಇತ್ತು. ಪಾದರಕ್ಷೆ ವಿಭಾಗದ ನೌಕರರ ಸರಾಸರಿ ಸಂಬಳ ಎಷ್ಟು ಎಂಬುದು ಅದರ ಉದಾಹರಣೆಗಳಲ್ಲಿ ಒಂದು. 1986ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಮೊದಲ ಎಸ್‌ಕ್ಯೂಎಲ್ ಮಾನಕ ತಂದಾಗ ಅದರಲ್ಲಿ ಇದ್ದ ಫಂಕ್ಷನ್‌ಗಳು ಐದೇ: ಕೌಂಟ್, ಸಮ್, ಆವರೇಜ್, ಮಿನ್, ಮ್ಯಾಕ್ಸ್. ಪಠ್ಯ ಕತ್ತರಿಸಲು, ದಿನಾಂಕ ಬಿಡಿಸಲು ಏನೂ ಇರಲಿಲ್ಲ. ಆದರೆ ಒರಾಕಲ್ 1979ರಿಂದಲೇ ಮಾರುಕಟ್ಟೆಯಲ್ಲಿತ್ತು, ಗಿರಾಕಿಗಳಿಗೆ ಪಠ್ಯವೂ ದಿನಾಂಕವೂ ಬೇಕಿತ್ತು. ಪ್ರತಿ ಕಂಪನಿಯೂ ತನಗೆ ತೋಚಿದ ಹೆಸರಿನಲ್ಲಿ, ತನಗೆ ತೋಚಿದ ಅರ್ಥದಲ್ಲಿ ಫಂಕ್ಷನ್ ಕಟ್ಟಿಕೊಂಡಿತು. ಸಬ್‌ಸ್ಟ್ರಿಂಗ್, ಟ್ರಿಮ್, ಅಪ್ಪರ್, ಎಕ್ಸ್‌ಟ್ರ್ಯಾಕ್ಟ್, ಕೋಅಲೆಸ್ ಇವೆಲ್ಲ ಮಾನಕಕ್ಕೆ ಬಂದದ್ದು 1992ರಲ್ಲಿ. ಅಷ್ಟರಲ್ಲಿ ಬ್ಯಾಂಕುಗಳೂ ವಿಮಾ ಕಂಪನಿಗಳೂ ಹಳೆಯ ಹೆಸರುಗಳ ಮೇಲೆ ಲಕ್ಷಗಟ್ಟಲೆ ಸಾಲು ಕೋಡ್ ಬರೆದುಕೊಂಡಿದ್ದವು. ಹಳೆಯದನ್ನು ತೆಗೆಯುವಂತಿರಲಿಲ್ಲ, ಹೊಸದನ್ನು ಪಕ್ಕದಲ್ಲಿ ಸೇರಿಸಿದರು. ಇವತ್ತು ಒಂದೇ ಕೆಲಸಕ್ಕೆ ನಾಲ್ಕು ಹೆಸರು, ಒಂದೇ ಹೆಸರಿಗೆ ಎರಡು ಅರ್ಥ ಇರುವುದರ ಮೂಲ ಇದು.

ಹಾಗೆಂದು ಆ ಮೊದಲ ಐದು ಫಂಕ್ಷನ್‌ಗಳಾದರೂ ಸರಳವೇ ಎಂದರೆ ಹಾಗಿಲ್ಲ. ಐದು ಊರುಗಳ ಮಳೆಮಾಪಕಗಳ ದಿನದ ದಾಖಲೆ ತೆಗೆದುಕೊಳ್ಳೋಣ. ಮೂರು ಊರುಗಳಲ್ಲಿ 12, 8 ಮತ್ತು 10 ಮಿಲಿಮೀಟರ್. ಉಳಿದೆರಡರ ಜಾಗದಲ್ಲಿ ನಲ್, ಅಂದರೆ ಮಾಹಿತಿ ಇಲ್ಲ. ಆವರೇಜ್ ಫಂಕ್ಷನ್ ನಲ್‌ಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ 30ನ್ನು 3ರಿಂದ ಭಾಗಿಸಿ 10 ಎನ್ನುತ್ತದೆ. ನಲ್ ಇದ್ದಲ್ಲಿ ಸೊನ್ನೆ ಹಾಕಿಕೊಂಡು ಲೆಕ್ಕ ಮಾಡಿದರೆ 6. ಎರಡರಲ್ಲಿ ಸರಿ ಯಾವುದು ಎಂದು ಡೇಟಾಬೇಸ್ ಹೇಳಲಾರದು. ಮಾಪಕ ಕೆಟ್ಟಿದ್ದರೆ 10 ಸರಿ. ಮಳೆ ಬಾರದ ದಿನ ಏನನ್ನೂ ಬರೆಯದೆ ಬಿಡುವುದು ಅಲ್ಲಿನ ಸಿಬ್ಬಂದಿಯ ರೂಢಿಯಾಗಿದ್ದರೆ 6 ಸರಿ. ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ಮಳೆಯ ಲೆಕ್ಕದ ಮೇಲೆ ನಿಂತಿರುತ್ತದೆ ಎಂಬುದನ್ನು ನೆನೆದರೆ ಇದು ಸಣ್ಣ ವಿಷಯವಾಗಿ ಕಾಣುವುದಿಲ್ಲ.

ಹಳೆಯ ಫಾಕ್ಸ್‌ಪ್ರೊ ಕಡತಗಳಿಂದ ಬಂದ ಮಾಹಿತಿಯಲ್ಲಿ ಈ ಗೊಂದಲ ಇನ್ನೂ ಹೆಚ್ಚು. 1990ರ ದಶಕದಲ್ಲಿ ನಮ್ಮಲ್ಲಿ ಕಂಪ್ಯೂಟರ್ ತರಬೇತಿ ಎಂದರೆ ಡಿಬೇಸ್ ಮತ್ತು ಫಾಕ್ಸ್‌ಪ್ರೊ ಎನ್ನುವಂತಿತ್ತು, ಎಷ್ಟೋ ಸಂಘ ಸಂಸ್ಥೆಗಳ ಲೆಕ್ಕಪತ್ರ ಅದರಲ್ಲೇ ಇತ್ತು. ಅಲ್ಲಿನ ಎಂಪ್ಟಿ ಎಂಬ ಫಂಕ್ಷನ್ ಸೊನ್ನೆಯನ್ನೂ ಖಾಲಿ ಪಠ್ಯವನ್ನೂ ಖಾಲಿ ದಿನಾಂಕವನ್ನೂ ಒಂದೇ ಎಂದು ಕಾಣುತ್ತಿತ್ತು. ಅಲ್ಲಿಂದ ಎಸ್‌ಕ್ಯೂಎಲ್‌ಗೆ ಬಂದ ದಾಖಲೆಯಲ್ಲಿ ಸೊನ್ನೆ ಕಂಡರೆ ಅದು ನಿಜವಾದ ಸೊನ್ನೆಯೋ ಬಿಟ್ಟುಹೋದ ಜಾಗವೋ ಎಂದು ಮೊದಲು ಕೇಳಬೇಕು.

ಆವರೇಜ್‌ನ ಇನ್ನೊಂದು ಗುಣ: ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಪೂರ್ಣಾಂಕಗಳ ಸರಾಸರಿಯೂ ಪೂರ್ಣಾಂಕವೇ. 1 ಮತ್ತು 2ರ ಸರಾಸರಿ ಅಲ್ಲಿ 1. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎರಡೂ 1.5 ಎನ್ನುತ್ತವೆ. ಕೌಂಟ್ ಫಂಕ್ಷನ್‌ಗೆ ನಕ್ಷತ್ರ ಚಿಹ್ನೆ ಕೊಟ್ಟರೆ ಎಲ್ಲ ಸಾಲುಗಳನ್ನೂ ಎಣಿಸುತ್ತದೆ, ಕಾಲಮ್ ಹೆಸರು ಕೊಟ್ಟರೆ ನಲ್ ಇರುವ ಸಾಲುಗಳನ್ನು ಬಿಟ್ಟು ಎಣಿಸುತ್ತದೆ. ಒಂದು ಸಾಲೂ ಸಿಗದಿದ್ದಾಗ ಕೌಂಟ್ ಸೊನ್ನೆ ಕೊಡುತ್ತದೆ, ಸಮ್ ಮಾತ್ರ ನಲ್ ಕೊಡುತ್ತದೆ. ಬಾಕಿ ಇರುವ ಮೊತ್ತದ ಜಾಗದಲ್ಲಿ ಸೊನ್ನೆ ಬದಲು ಖಾಲಿ ಮುದ್ರಿಸಿದ ರಸೀದಿಗಳಲ್ಲಿ ಹಲವು ಹೀಗೆ ಹುಟ್ಟಿದವು.

ನಲ್ ಇದ್ದರೆ ಬದಲಿಗೆ ಇದನ್ನು ತೆಗೆದುಕೋ ಎನ್ನಲು ಒರಾಕಲ್‌ನಲ್ಲಿ ಎನ್‌ವಿಎಲ್, ಮೈಎಸ್‌ಕ್ಯೂಎಲ್‌ನಲ್ಲಿ ಇಫ್‌ನಲ್, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇಸ್‌ನಲ್. ಮೈಎಸ್‌ಕ್ಯೂಎಲ್‌ನಲ್ಲೂ ಇಸ್‌ನಲ್ ಇದೆ, ಆದರೆ ಅಲ್ಲಿ ಅದು ಹೌದು ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನ ಇಸ್‌ನಲ್ ಮೊದಲ ಮೌಲ್ಯದ ಅಳತೆಗೆ ಎರಡನೆಯದನ್ನು ಕತ್ತರಿಸುತ್ತದೆ: ನಾಲ್ಕು ಅಕ್ಷರ ಹಿಡಿಸುವ ಕಾಲಮ್ ನಲ್ ಆಗಿದ್ದಾಗ ಹತ್ತು ಅಕ್ಷರದ ಬದಲಿ ಪದ ಕೊಟ್ಟರೆ ಮೊದಲ ನಾಲ್ಕೇ ಹೊರಬರುತ್ತವೆ. ನಾಲ್ಕೂ ಕಡೆ ಒಂದೇ ಹೆಸರಿನಲ್ಲಿ ಸಿಗುವ, 1992ರ ಮಾನಕದ ಕೋಅಲೆಸ್ ಇರುವಾಗ ಉಳಿದವನ್ನು ಹೊಸ ಕೋಡ್‌ನಲ್ಲಿ ಬಳಸಲು ನನಗೆ ಒಂದು ಕಾರಣವೂ ಕಾಣುವುದಿಲ್ಲ. ಒರಾಕಲ್ ಖಾಲಿ ಪಠ್ಯವನ್ನು ನಲ್ ಎಂದೇ ತಿಳಿಯುವುದು ಮಾತ್ರ ಯಾವ ಬದಲಿ ಫಂಕ್ಷನ್‌ನಿಂದಲೂ ಸರಿಹೋಗದ ಹಳೆಯ ನಿರ್ಧಾರ. ಅಲ್ಲಿ ಖಾಲಿ ಪಠ್ಯದ ಉದ್ದ ಕೇಳಿದರೆ ಸೊನ್ನೆ ಬರದೆ ನಲ್ ಬರುತ್ತದೆ. ಮಧ್ಯದ ಹೆಸರು ಇಲ್ಲದ ವ್ಯಕ್ತಿಗೂ ಮಧ್ಯದ ಹೆಸರು ಗೊತ್ತಿಲ್ಲದ ವ್ಯಕ್ತಿಗೂ ಆ ಡೇಟಾಬೇಸ್‌ನಲ್ಲಿ ಭೇದವಿಲ್ಲ.

ದಿನಾಂಕದ ಫಂಕ್ಷನ್‌ಗಳಿಗೆ ಮರಳಿದರೆ ಅಲ್ಲಿ ಜನರ ಹಕ್ಕುಗಳೇ ತೂಗುತ್ತಿರುತ್ತವೆ. 2005ರ ಡಿಸೆಂಬರ್ 31ರಂದು ಹುಟ್ಟಿದವರಿಗೆ 2023ರ ಜನವರಿ 1ಕ್ಕೆ ವಯಸ್ಸು ಎಷ್ಟು? ಹದಿನೇಳು ವರ್ಷ, ಒಂದು ದಿನ. ಎಸ್‌ಕ್ಯೂಎಲ್ ಸರ್ವರ್‌ನ ಡೇಟ್‌ಡಿಫ್ ಫಂಕ್ಷನ್‌ಗೆ ವರ್ಷದ ಲೆಕ್ಕದಲ್ಲಿ ಕೇಳಿದರೆ 18. ಅದು ಪೂರ್ಣಗೊಂಡ ವರ್ಷಗಳನ್ನು ಎಣಿಸುವುದಿಲ್ಲ, ನಡುವೆ ಎಷ್ಟು ಸಲ ವರ್ಷ ಬದಲಾಯಿತು ಎಂದು ಎಣಿಸುತ್ತದೆ. ಮತದಾರರ ಪಟ್ಟಿಗೆ ಜನವರಿ 1 ಒಂದು ಅರ್ಹತಾ ದಿನಾಂಕ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಒಂದು ವರ್ಷದ ತಪ್ಪಿನ ಭಾರ ತಿಳಿಯುತ್ತದೆ. ಮೈಎಸ್‌ಕ್ಯೂಎಲ್‌ನ ಡೇಟ್‌ಡಿಫ್ ದಿನಗಳನ್ನು ಮಾತ್ರ ಕೊಡುತ್ತದೆ, ಜೊತೆಗೆ ಅದರಲ್ಲಿ ಮುಗಿದ ದಿನಾಂಕ ಮೊದಲು, ಆರಂಭದ ದಿನಾಂಕ ಆಮೇಲೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕ್ರಮ ಇದಕ್ಕೆ ತಿರುವುಮುರುವು. ಪೂರ್ಣ ವರ್ಷ ಬೇಕಿದ್ದರೆ ಮೈಎಸ್‌ಕ್ಯೂಎಲ್‌ನಲ್ಲಿ ಟೈಮ್‌ಸ್ಟ್ಯಾಂಪ್‌ಡಿಫ್, ಪೋಸ್ಟ್‌ಗ್ರೆಸ್‌ನಲ್ಲಿ ಏಜ್ ಇವೆ, ಎರಡೂ ಇಲ್ಲಿ ಹದಿನೇಳು ವರ್ಷವನ್ನೇ ಕೊಡುತ್ತವೆ.

ಎರಡಂಕಿಯ ವರ್ಷ ಇನ್ನೊಂದು ಬಲೆ. ಹಳೆಯ ರಿಜಿಸ್ಟರಿನಿಂದ ನಕಲು ಮಾಡಿದ ಜನ್ಮವರ್ಷ 65 ಎಂದಿದೆ. ಮೈಎಸ್‌ಕ್ಯೂಎಲ್ 00ರಿಂದ 69ರವರೆಗಿನ ವರ್ಷಗಳನ್ನು ಎರಡು ಸಾವಿರದ ಈಚೆಗೆ ಹಾಕುತ್ತದೆ, ಹಾಗಾಗಿ ಈ ವ್ಯಕ್ತಿ 2065ರಲ್ಲಿ ಹುಟ್ಟುತ್ತಾರೆ. ಎಸ್‌ಕ್ಯೂಎಲ್ ಸರ್ವರ್‌ನ ಸಾಮಾನ್ಯ ಗಡಿ 2049, ಅಲ್ಲಿ ಇದು 1965. ಒರಾಕಲ್‌ನಲ್ಲಿ ವರ್ಷದ ನಮೂನೆಯನ್ನು ಎರಡು ಆರ್ ಎಂದು ಬರೆದರೆ 1965, ಎರಡು ವೈ ಎಂದು ಬರೆದರೆ ಈಗಿನ ಶತಮಾನವೇ ಅಂಟಿಕೊಂಡು 2065. ಪಿಂಚಣಿಗೆ ಅರ್ಜಿ ಹಾಕಿದವರ ದಾಖಲೆಯಲ್ಲಿ ಹೀಗಾದರೆ ಅವರು ಕಚೇರಿಯಿಂದ ಕಚೇರಿಗೆ ಅಲೆಯಬೇಕು, ಅದಕ್ಕೆ ಕಾರಣವಾದದ್ದು ಒಂದಕ್ಷರ.

ಈಗ ಎಷ್ಟು ಗಂಟೆ ಎಂದು ಕೇಳುವ ಫಂಕ್ಷನ್ ಕೂಡ ಪ್ರಶ್ನೆಯೇ. ಪೋಸ್ಟ್‌ಗ್ರೆಸ್‌ನ ನೌ, ವ್ಯವಹಾರ (ಟ್ರಾನ್ಸಾಕ್ಷನ್) ಶುರುವಾದ ಕ್ಷಣವನ್ನು ಹೇಳುತ್ತದೆ, ವ್ಯವಹಾರ ಹತ್ತು ನಿಮಿಷ ನಡೆದರೂ ಅದೇ ಕ್ಷಣ. ಮೈಎಸ್‌ಕ್ಯೂಎಲ್‌ನ ನೌ ಆ ಒಂದು ಕ್ವೆರಿ ಶುರುವಾದ ಕ್ಷಣ, ಅಲ್ಲಿಯ ಸಿಸ್‌ಡೇಟ್ ಆ ಫಂಕ್ಷನ್ ನಡೆದ ಕ್ಷಣ. ಹಣ ಖಾತೆಯಿಂದ ಖಾತೆಗೆ ಹೋದ ಎರಡು ಸಾಲುಗಳಿಗೂ ಒಂದೇ ಸಮಯ ಬೇಕು ಎನ್ನುವವರಿಗೆ ಪೋಸ್ಟ್‌ಗ್ರೆಸ್ ಆರಿಸಿಕೊಂಡ ದಾರಿ ಒಳ್ಳೆಯದು. ಕೆಲಸ ಎಷ್ಟು ಹೊತ್ತು ಹಿಡಿಯಿತು ಎಂದು ಅಳೆಯುವವರಿಗೆ ಅದು ಪ್ರಯೋಜನವಿಲ್ಲ, ಅವರಿಗೆಂದೇ ಅಲ್ಲಿ ಕ್ಲಾಕ್‌ಟೈಮ್‌ಸ್ಟ್ಯಾಂಪ್ ಇದೆ.

ರ‍್ಯಾಂಕ್ ಕೊಡುವ ವಿಂಡೋ ಫಂಕ್ಷನ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಏಕೆಂದರೆ ಅವು ತಡವಾಗಿ ಬಂದವು, ಬಹುತೇಕ ಕಡೆ ಮಾನಕವನ್ನು ಇಟ್ಟುಕೊಂಡೇ ಬಂದವು. 2003ರ ಮಾನಕದಲ್ಲಿ ನೆಲೆಗೊಂಡ ಇವು ಪೋಸ್ಟ್‌ಗ್ರೆಸ್‌ಗೆ 2009ರಲ್ಲಿ, ಮೈಎಸ್‌ಕ್ಯೂಎಲ್‌ಗೆ ಮತ್ತು ಎಸ್‌ಕ್ಯೂಲೈಟ್‌ಗೆ 2018ರಲ್ಲಿ ಸೇರಿದವು. ಪರೀಕ್ಷೆಯಲ್ಲಿ 620, 618, 618, 615 ಅಂಕ ಪಡೆದ ನಾಲ್ವರಿಗೆ ರ‍್ಯಾಂಕ್ ಫಂಕ್ಷನ್ 1, 2, 2, 4 ಕೊಡುತ್ತದೆ, ಡೆನ್ಸ್‌ರ‍್ಯಾಂಕ್ 1, 2, 2, 3 ಕೊಡುತ್ತದೆ, ರೋನಂಬರ್ 1, 2, 3, 4 ಕೊಡುತ್ತದೆ. ಎಲ್ಲ ಡೇಟಾಬೇಸ್‌ಗಳಲ್ಲೂ ಹೀಗೆಯೇ. ಮಾನಕ ಮೊದಲು ಬಂದು ತಯಾರಿಕೆ ಆಮೇಲೆ ನಡೆದರೆ ಎಷ್ಟು ಅನುಕೂಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ರೋನಂಬರ್ ಒಂದರಲ್ಲಿ ಎಚ್ಚರ ಬೇಕು: ಸಮಾನ ಅಂಕದ ಇಬ್ಬರಲ್ಲಿ ಯಾರಿಗೆ 2, ಯಾರಿಗೆ 3 ಎಂಬುದಕ್ಕೆ ನಾವು ನಿಯಮ ಕೊಡದಿದ್ದರೆ ಇವತ್ತಿನ ಉತ್ತರ ನಾಳೆ ಬದಲಾಗಬಹುದು. ಸೀಟು ಹಂಚಿಕೆಗೆ ಅದನ್ನು ಹಾಗೇ ಬಳಸುವುದು ಅನ್ಯಾಯ.

ಫಂಕ್ಷನ್ ಸರಿಯಾದ ಉತ್ತರ ಕೊಟ್ಟರೂ ಡೇಟಾಬೇಸ್ ಕುಂಟುವ ಸಂದರ್ಭವಿದೆ. ಕೋಟಿ ಸಾಲಿನ ಟೇಬಲ್‌ನಲ್ಲಿ ದಿನಾಂಕದ ಕಾಲಮ್‌ಗೆ ಇಂಡೆಕ್ಸ್ ಇದೆ. 2023ರ ದಾಖಲೆಗಳು ಬೇಕೆಂದು ಆ ಕಾಲಮ್ ಅನ್ನು ಇಯರ್ ಫಂಕ್ಷನ್‌ನೊಳಗೆ ಹಾಕಿ 2023ಕ್ಕೆ ಹೋಲಿಸಿದರೆ ಇಂಡೆಕ್ಸ್ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಇಂಡೆಕ್ಸ್‌ನಲ್ಲಿ ಜೋಡಿಸಿಟ್ಟಿರುವುದು ದಿನಾಂಕಗಳನ್ನು, ಇಯರ್ ಫಂಕ್ಷನ್‌ನ ಉತ್ತರಗಳನ್ನಲ್ಲ. ಕೋಟಿ ಸಾಲನ್ನೂ ಒಂದೊಂದಾಗಿ ಓದಬೇಕಾಗುತ್ತದೆ. 2023ರ ಜನವರಿ 1ರಿಂದ, 2024ರ ಜನವರಿ 1ಕ್ಕಿಂತ ಮುಂಚೆ ಎಂದು ಕಾಲಮ್ ಅನ್ನು ಮುಟ್ಟದೆ ಬರೆದರೆ ಇಂಡೆಕ್ಸ್ ಕೆಲಸ ಮಾಡುತ್ತದೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ನಮ್ಮ ಆರ್ಥಿಕ ವರ್ಷಕ್ಕಂತೂ ಇದೇ ಸರಿಯಾದ ದಾರಿ. ಫಂಕ್ಷನ್ ಬೇಕೇ ಬೇಕೆಂದರೆ ಅದರ ಉತ್ತರದ ಮೇಲೆಯೇ ಇಂಡೆಕ್ಸ್ ಕಟ್ಟುವ ಸೌಲಭ್ಯ ಒರಾಕಲ್ ಮತ್ತು ಪೋಸ್ಟ್‌ಗ್ರೆಸ್‌ನಲ್ಲಿ ಬಹುಕಾಲದಿಂದ ಇದೆ, ಮೈಎಸ್‌ಕ್ಯೂಎಲ್‌ನಲ್ಲಿ 8.0.13ನೇ ಆವೃತ್ತಿಯಿಂದ.

ಇನ್ನು ಪಠ್ಯ. ಇಲ್ಲಿ ನಿಧಾನಿಸಬೇಕು, ಏಕೆಂದರೆ ಈ ಫಂಕ್ಷನ್‌ಗಳು ಹುಟ್ಟಿದ್ದು ಒಂದು ಅಕ್ಷರಕ್ಕೆ ಒಂದು ಸಂಕೇತ ಇರುವ ಲಿಪಿಗಾಗಿ. ಕನ್ನಡದಲ್ಲಿ ಒತ್ತು, ಗುಣಿತ, ಅನುಸ್ವಾರ ಎಲ್ಲ ಸೇರಿ ಒಂದು ಅಕ್ಷರ. ಯುನಿಕೋಡ್ ಅವನ್ನು ಬಿಡಿಬಿಡಿಯಾಗಿ ಇಡುತ್ತದೆ.

ಕರ್ನಾಟಕ ಎಂದು ಬರೆದು ಉದ್ದ ಕೇಳೋಣ. ಮೈಎಸ್‌ಕ್ಯೂಎಲ್‌ನ ಲೆಂಗ್ತ್ 21 ಎನ್ನುತ್ತದೆ, ಅದು ಎಣಿಸುವುದು ಬೈಟ್‌ಗಳನ್ನು. ಅಲ್ಲಿಯದೇ ಕ್ಯಾರ್‌ಲೆಂಗ್ತ್ 7 ಎನ್ನುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಲೆಂಗ್ತ್ ಎಂಬ ಅದೇ ಹೆಸರು 7 ಕೊಡುತ್ತದೆ, 21 ಬೇಕಾದರೆ ಆಕ್ಟೆಟ್‌ಲೆಂಗ್ತ್. ಎಸ್‌ಕ್ಯೂಎಲ್ ಸರ್ವರ್‌ನ ಲೆನ್ 7, ಡೇಟಾಲೆಂಗ್ತ್ 14. ಅಲ್ಲಿ ಕನ್ನಡ ಪಠ್ಯದ ಮೊದಲಿಗೆ ದೊಡ್ಡ ಎನ್ ಹಾಕುವುದನ್ನು ಮರೆತರೆ ಸಾಮಾನ್ಯವಾಗಿ ಸಿಗುವುದು ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಏಳು ಎಂದರೆ ಯಾವುವು? ಕ, ರ, ವಿರಾಮ ಚಿಹ್ನೆ (ವ್ಯಂಜನದ ಸ್ವರ ಕಳೆಯುವ ಗುರುತು), ನ, ದೀರ್ಘದ ಚಿಹ್ನೆ, ಟ, ಕ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಹಾಗಾಗಿ 21. ಒರಾಕಲ್‌ನಲ್ಲಿ ಕಾಲಮ್‌ನ ಅಳತೆಯನ್ನು 20 ಎಂದಷ್ಟೇ ಬರೆದರೆ ಅದು ಸಾಮಾನ್ಯವಾಗಿ 20 ಬೈಟ್, ಅದರೊಳಗೆ ನಮ್ಮ ರಾಜ್ಯದ ಹೆಸರೇ ಹಿಡಿಸುವುದಿಲ್ಲ. ಮೈಎಸ್‌ಕ್ಯೂಎಲ್‌ನ ಗ್ರೂಪ್‌ಕಾನ್‌ಕ್ಯಾಟ್ ಹಲವು ಸಾಲುಗಳ ಹೆಸರುಗಳನ್ನು ಒಂದಾಗಿ ಪೋಣಿಸುತ್ತದೆ, ಆದರೆ ಅದರ ಮೂಲ ಮಿತಿ 1024 ಬೈಟ್. ಕನ್ನಡದಲ್ಲಿ ಅದು 341 ಸಂಕೇತಗಳಿಗೆ ಮುಗಿಯುತ್ತದೆ, ಉಳಿದದ್ದನ್ನು ಕತ್ತರಿಸಿ ಒಂದು ಎಚ್ಚರಿಕೆಯ ಸಂದೇಶವನ್ನಷ್ಟೇ ಬಿಡುತ್ತದೆ. ಇಂಗ್ಲಿಷ್ ಹೆಸರುಗಳಿಟ್ಟು ಪರೀಕ್ಷಿಸಿದವರಿಗೆ ಇದು ಗೊತ್ತೇ ಆಗುವುದಿಲ್ಲ.

ಎಡದಿಂದ ಒಂದು ಅಕ್ಷರ ತೆಗೆ ಎಂದು ಲೆಫ್ಟ್ ಫಂಕ್ಷನ್‌ಗೆ ಶ್ರೀನಿವಾಸ ಎಂಬ ಹೆಸರು ಕೊಟ್ಟರೆ ಶ ಸಿಗುತ್ತದೆ, ಶ್ರೀ ಅಲ್ಲ. ರಿವರ್ಸ್ ಫಂಕ್ಷನ್‌ಗೆ ವಿಕಟಕವಿ ಕೊಟ್ಟು ನೋಡಿ. ಹಿಂದಿನಿಂದ ಓದಿದರೂ ಹಾಗೆಯೇ ಇರುವ ಪದವೆಂದು ನಮಗೆಲ್ಲ ಚಿಕ್ಕಂದಿನಿಂದ ಗೊತ್ತು. ಫಂಕ್ಷನ್ ಅದನ್ನು ಒಂದು ಗುಣಿತದ ಚಿಹ್ನೆಯಿಂದ ಶುರುಮಾಡಿ ಕೊನೆಯಲ್ಲಿ ಗುಣಿತವಿಲ್ಲದ ವ ಉಳಿಸುತ್ತದೆ; ನಡುವಿನ ಕ ಒಂದಕ್ಕೆ ಗುಡಿಸು ಅಂಟಿಕೊಂಡಿರುತ್ತದೆ.

ಅಪ್ಪರ್ ಮತ್ತು ಲೋವರ್ ಯುನಿಕೋಡ್ ಕನ್ನಡವನ್ನು ಮುಟ್ಟುವುದಿಲ್ಲ, ಕನ್ನಡದಲ್ಲಿ ದೊಡ್ಡ ಸಣ್ಣ ಅಕ್ಷರಗಳಿಲ್ಲ. ಆದರೆ ಯುನಿಕೋಡ್‌ಗೆ ಮುಂಚಿನ ನುಡಿ ಫಾಂಟ್‌ನಲ್ಲಿ ಬರೆದ ದಾಖಲೆಗಳು ಕಚೇರಿಗಳಲ್ಲಿ ಇನ್ನೂ ಇವೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ಆ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಕನ್ನಡದ ಆಕೃತಿಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಸಣ್ಣ ಡಿ ಜಾಗದಲ್ಲಿ ಜ, ದೊಡ್ಡ ಡಿ ಜಾಗದಲ್ಲಿ ಆ. ಸಣ್ಣ ಜಿ ಜಾಗದಲ್ಲಿ ರ, ದೊಡ್ಡ ಜಿ ಜಾಗದಲ್ಲಿ ಉ. ಇಂಥ ಕಾಲಮ್ ಮೇಲೆ ಅಪ್ಪರ್ ಓಡಿಸಿದರೆ ಜಕಾರಗಳೆಲ್ಲ ಆ ಆಗುತ್ತವೆ, ರಕಾರಗಳೆಲ್ಲ ಉ ಆಗುತ್ತವೆ, ಮತ್ತೆ ಹಿಂದಕ್ಕೆ ತರಲು ದಾರಿ ಇರುವುದಿಲ್ಲ. ಅಪ್ಪರ್ ಬಳಸದಿದ್ದರೂ ಅಪಾಯ ತಪ್ಪಿದ್ದಲ್ಲ: ದೊಡ್ಡ ಸಣ್ಣ ಅಕ್ಷರಗಳ ಭೇದ ನೋಡದ ಹೋಲಿಕೆಯನ್ನು ಕಾಲಮ್‌ಗೆ ಇಟ್ಟಿದ್ದರೆ ಡೇಟಾಬೇಸ್‌ನ ಕಣ್ಣಿಗೆ ಜ ಮತ್ತು ಆ ಒಂದೇ. ಇಬ್ಬರು ಬೇರೆ ಬೇರೆ ಖಾತೆದಾರರು ಒಂದೇ ಗುಂಪಿಗೆ ಬೀಳಬಹುದು. ಇಂಥ ದಾಖಲೆಗಳನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಯಾವ ಫಂಕ್ಷನ್ ಬೇಕಾದರೂ ಮುಟ್ಟಿಸಬೇಕು.

ಯುನಿಕೋಡ್‌ಗೆ ಬಂದ ಮೇಲೂ ಕಣ್ಣಿಗೆ ಒಂದೇ ಕಾಣುವ ಎರಡು ಹೆಸರು ಬೇರೆಯಾಗಿರಬಹುದು. ಓತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಬಿಡಿಸಿಯೂ ಇಡಬಹುದು. ಎರಡನ್ನೂ ಒಂದೇ ರೂಪಕ್ಕೆ ತರಲು ಪೋಸ್ಟ್‌ಗ್ರೆಸ್‌ನಲ್ಲಿ 2020ರ 13ನೇ ಆವೃತ್ತಿಯಿಂದ ನಾರ್ಮಲೈಸ್ ಇದೆ, ಒರಾಕಲ್‌ನಲ್ಲಿ ಕಂಪೋಸ್ ಇದೆ. ರಾಜ್‌ಕುಮಾರ್ ಎಂದು ಬರೆಯುವಾಗ ಜ್ ಮತ್ತು ಕು ಒತ್ತಾಗಿ ಸೇರದಂತೆ ನಡುವೆ ಕಾಣದ ಒಂದು ಸಂಕೇತ ಹಾಕುತ್ತೇವೆ. ಅದಿದ್ದರೆ ಉದ್ದ 11, ಇಲ್ಲದಿದ್ದರೆ 10. ಟ್ರಿಮ್ ಅದನ್ನು ತೆಗೆಯುವುದಿಲ್ಲ, ಸುಮ್ಮನೆ ಬಳಸಿದರೆ ಅದು ತೆಗೆಯುವುದು ಅಂಚಿನ ಖಾಲಿ ಜಾಗವನ್ನು ಮಾತ್ರ. ಹಾಗೆಂದು ಆ ಸಂಕೇತವನ್ನು ಮೂಲ ದಾಖಲೆಯಿಂದಲೇ ಅಳಿಸಬಾರದು, ಅದು ಹೆಸರಿನ ಸರಿಯಾದ ಬರಹದ ಭಾಗ. ಹೋಲಿಸುವಾಗ ಮಾತ್ರ ರಿಪ್ಲೇಸ್ ಬಳಸಿ ಬದಿಗಿಡಬೇಕು.

ಕನ್ನಡ ಅಂಕಿಗಳಿಗೆ ಒಂದು ಅಚ್ಚುಕಟ್ಟಾದ ಉಪಾಯವಿದೆ. ೧೨೩ ಎಂಬುದನ್ನು ಸಂಖ್ಯೆಯಾಗಿಸು ಎಂದು ಕಾಸ್ಟ್‌ಗೆ ಹೇಳಿದರೆ ಪೋಸ್ಟ್‌ಗ್ರೆಸ್ ದೋಷ ಎನ್ನುತ್ತದೆ, ಮೈಎಸ್‌ಕ್ಯೂಎಲ್ 0 ಕೊಟ್ಟುಬಿಡುತ್ತದೆ. ಮೊದಲನೆಯದೇ ವಾಸಿ. ಟ್ರಾನ್ಸ್‌ಲೇಟ್ ಫಂಕ್ಷನ್‌ಗೆ ಕನ್ನಡದ ಹತ್ತು ಅಂಕಿಗಳನ್ನೂ ಅವಕ್ಕೆ ಎದುರಾಗಿ 0123456789 ಎಂಬುದನ್ನೂ ಕೊಟ್ಟರೆ ಒಂದೇ ಏಟಿಗೆ 123 ಕೈಗೆ ಬರುತ್ತದೆ. ಒರಾಕಲ್, ಪೋಸ್ಟ್‌ಗ್ರೆಸ್ ಮತ್ತು 2017ರ ನಂತರದ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇದು ಸಾಧ್ಯ. ಮೈಎಸ್‌ಕ್ಯೂಎಲ್‌ನಲ್ಲಿ ಈ ಫಂಕ್ಷನ್ ಇಲ್ಲ, ರಿಪ್ಲೇಸ್ ಒಳಗೆ ರಿಪ್ಲೇಸ್ ಎಂದು ಹತ್ತು ಸಲ ಸುತ್ತಬೇಕು.

ವಿಂಗಡಣೆಯ ಮಾತು ಮಿನ್ ಮತ್ತು ಮ್ಯಾಕ್ಸ್‌ಗೂ ತಾಗುತ್ತದೆ, ಪಠ್ಯದಲ್ಲಿ ಚಿಕ್ಕದು ದೊಡ್ಡದು ಎಂದರೆ ಮೊದಲು ಬರುವುದು ಕೊನೆಗೆ ಬರುವುದು ಎಂದು ಅರ್ಥ. ಯುನಿಕೋಡ್ ಸಂಕೇತಗಳ ಸಾಲಿನಲ್ಲಿ ಳ ಕೂತಿರುವುದು ಲ ಪಕ್ಕದಲ್ಲಿ, ವಕಾರಕ್ಕೂ ಮುಂಚೆ. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ಆಚೆ. ಬರೀ ಸಂಕೇತದ ಕ್ರಮದಲ್ಲಿ ಜೋಡಿಸುವ ಡೇಟಾಬೇಸ್‌ನಲ್ಲಿ ಕಳಸ ಮೊದಲು, ಕವಿತಾಳ ಆಮೇಲೆ. ನಿಘಂಟು ನೋಡಿ ಬೆಳೆದ ಓದುಗರಿಗೆ ಇದು ತಪ್ಪಾಗಿಯೇ ಕಾಣುತ್ತದೆ.

ಉಚ್ಚಾರಣೆಯಲ್ಲಿ ಹೋಲುವ ಹೆಸರುಗಳನ್ನು ಹುಡುಕುವ ಸೌಂಡೆಕ್ಸ್ ಬಹಳ ಹಳೆಯದು. ಅಮೆರಿಕದಲ್ಲಿ ರಾಬರ್ಟ್ ರಸೆಲ್ ಎಂಬವರು 1918ರಲ್ಲಿ ಪೇಟೆಂಟ್ ಪಡೆದ ಪದ್ಧತಿ, ಅಲ್ಲಿನ ಜನಗಣತಿಯ ಹೆಸರುಗಳಿಗೆ ಸೂಚಿ ಮಾಡಲು ಬಳಕೆಯಾಯಿತು. ಮೊದಲ ಅಕ್ಷರವನ್ನು ಹಾಗೇ ಇಟ್ಟುಕೊಂಡು ಉಳಿದ ವ್ಯಂಜನಗಳಿಗೆ ಅಂಕಿ ಕೊಡುತ್ತದೆ. ಇಂಗ್ಲಿಷ್‌ನಲ್ಲಿ ಬರೆದ ನಮ್ಮ ಹೆಸರುಗಳಿಗೂ ಅದು ಎಷ್ಟೋ ಸಲ ಒಗ್ಗುತ್ತದೆ. ಗೌಡ ಎಂಬುದನ್ನು ಡಬ್ಲ್ಯು ಹಾಕಿ ಬರೆದರೂ ಯು ಹಾಕಿ ಬರೆದರೂ ಒಂದೇ ಸಂಕೇತ, ಜಿ 300. ಲಕ್ಷ್ಮಿಯನ್ನು ಕೆ ಎಸ್ ಎಚ್ ಎಂದು ಬರೆದರೂ ಎಕ್ಸ್ ಎಂದು ಬರೆದರೂ ಎಲ್ 250. ಆದರೆ ಎಲ್ಲಪ್ಪ ಮತ್ತು ಯಲ್ಲಪ್ಪ ಇದಕ್ಕೆ ಸಂಬಂಧವೇ ಇಲ್ಲದ ಇಬ್ಬರು: ಒಬ್ಬರದು ಇ 410, ಇನ್ನೊಬ್ಬರದು ವೈ 410. ಈಶ್ವರನನ್ನು ಐ ಹಾಕಿ ಬರೆದವರೂ ಇ ಹಾಕಿ ಬರೆದವರೂ ಹೀಗೆಯೇ ಬೇರೆಯಾಗುತ್ತಾರೆ. ನಮ್ಮ ಉಚ್ಚಾರಣೆಯಲ್ಲಿ ಎ ಮತ್ತು ಯೆ ಬೆರೆಯುವುದು ಪಿಟ್ಸ್‌ಬರ್ಗ್‌ನ ಆ ಪೇಟೆಂಟ್‌ದಾರರ ಲೆಕ್ಕದಲ್ಲಿ ಇರಲು ಸಾಧ್ಯವಿರಲಿಲ್ಲ. ಕನ್ನಡ ಲಿಪಿಯ ಹೆಸರಿಗಂತೂ ಇದು ಆಗದು. ತಮ್ಮ ಸೌಂಡೆಕ್ಸ್ ಯುಟಿಎಫ್-8ರಂಥ ಬಹುಬೈಟ್ ಪಠ್ಯದೊಂದಿಗೆ ಸರಿಯಾಗಿ ನಡೆಯುವುದಿಲ್ಲ ಎಂದು ಪೋಸ್ಟ್‌ಗ್ರೆಸ್‌ನವರೇ ಕೈಪಿಡಿಯಲ್ಲಿ ಬರೆದಿದ್ದಾರೆ.

ಹಾಗಾದರೆ ಕನ್ನಡದ ಅಕ್ಷರಗಳನ್ನು ನಾವು ಎಣಿಸುವಂತೆ ಎಣಿಸುವ ಫಂಕ್ಷನ್? ಮೈಎಸ್‌ಕ್ಯೂಎಲ್ 8ರ ರೆಗ್ಯುಲರ್ ಎಕ್ಸ್‌ಪ್ರೆಶನ್ ಯುನಿಕೋಡ್ ಹೇಳುವ ಅಕ್ಷರಗುಚ್ಛಗಳನ್ನು ಗುರುತಿಸಬಲ್ಲದು. ಅದರ ಪ್ರಕಾರ ಕರ್ನಾಟಕದಲ್ಲಿ ಕ, ರ್, ನಾ, ಟ, ಕ ಎಂದು ಐದು. 2023ರಲ್ಲಿ ಬಂದ ಯುನಿಕೋಡ್ 15.1 ಒತ್ತಕ್ಷರವನ್ನು ಒಂದೇ ಗುಚ್ಛವೆಂದು ಹಿಡಿಯುವ ನಿಯಮ ಸೇರಿಸಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ಮಲಯಾಳಂ, ತೆಲುಗು ಈ ಆರು ಲಿಪಿಗಳಿಗೆ ಆ ನಿಯಮ ಅನ್ವಯಿಸಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಒತ್ತು ಬರೆಯುವ ರೀತಿಯಲ್ಲಿ ತೆಲುಗಿಗೆ ಇಷ್ಟು ಹತ್ತಿರದ ಲಿಪಿ ಹೊರಗುಳಿದದ್ದರ ಬಗ್ಗೆ ಕನ್ನಡದ ತಂತ್ರಾಂಶ ವಲಯದಲ್ಲಿ ಗಟ್ಟಿಯಾದ ಚರ್ಚೆ ನಡೆಯಬೇಕು.

ಅಲ್ಲಿಯವರೆಗೆ ಬಿಲ್ಟ್-ಇನ್ ಫಂಕ್ಷನ್‌ಗಳನ್ನೇ ಸೇರಿಸಿ ನಮ್ಮದೊಂದನ್ನು ಕಟ್ಟಿಕೊಳ್ಳಬಹುದು. ಪೋಸ್ಟ್‌ಗ್ರೆಸ್‌ನ ರೆಜೆಕ್ಸ್‌ರಿಪ್ಲೇಸ್ ಬಳಸಿ ಮೊದಲು ವಿರಾಮ ಚಿಹ್ನೆಯೂ ಅದರ ಬೆನ್ನಿಗೆ ಬರುವ ವ್ಯಂಜನವೂ ಜೋಡಿಯಾಗಿ ಇದ್ದಲ್ಲೆಲ್ಲ ಆ ಜೋಡಿಯನ್ನು ತೆಗೆಯಿರಿ. ಎರಡನೆಯ ಸಲ ಗುಣಿತದ ಚಿಹ್ನೆಗಳು, ಅನುಸ್ವಾರ, ವಿಸರ್ಗ, ಉಳಿದ ವಿರಾಮ ಚಿಹ್ನೆ ಮತ್ತು ಆ ಕಾಣದ ಸಂಕೇತವನ್ನು ತೆಗೆಯಿರಿ. ಉಳಿದದ್ದರ ಲೆಂಗ್ತ್ ಕೇಳಿ. ವ್ಯಂಜನಗಳನ್ನು ಕ ಇಂದ ಹ ವರೆಗೆ ಎಂದು ಕೊಟ್ಟರೆ ಳ ಕೂಡ ಒಳಗೇ ಬರುತ್ತದೆ. ಹಳಗನ್ನಡದ ಪಠ್ಯವಾದರೆ ೞ ಮಾತ್ರ ಆ ಸಾಲಿನಿಂದ ಆಚೆ ಇರುವುದರಿಂದ ಬೇರೆಯಾಗಿ ಸೇರಿಸಬೇಕು. ಇದಕ್ಕೆ ಒಂದು ಹೆಸರು ಕೊಟ್ಟು ಕಚೇರಿಯ ಎಲ್ಲರೂ ಬಳಸುವ ಜಾಗದಲ್ಲಿ ಇಡಿ, ಬೇರೆ ಬೇರೆ ಬಗೆಯ ಪದ ಕೊಟ್ಟು ಪರೀಕ್ಷಿಸಿ. ಕರ್ನಾಟಕಕ್ಕೆ 4 ಬರಬೇಕು, ಕ್ಷೀರಸಾಗರಕ್ಕೆ 5, ರಾಜ್‌ಕುಮಾರ್ ಎಂಬುದಕ್ಕೆ 5, ಹನ್ನೊಂದು ಸಂಕೇತಗಳಿರುವ ಸ್ವಾತಂತ್ರ್ಯಕ್ಕೆ 3.